ಇಂದು ಮೇಡಂ ಕೈಬಿಡದ ಸಾಲು

ಮೈಸೂರಿನ ಇಂದು ನೈರೋಬಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಗಂಡ ಧನಂಜಯ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಇಂದು ಸೌತ್ ಬಿ ಬಡಾವಣೆಯ ಶಾಲೆಯೊಂದರಲ್ಲಿ ಚರಿತ್ರೆಯ ಟೀಚರ್. ಅಲ್ಲಿನ ಕನ್ನಡ ಬಳಗದವರು ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಮಾಡಿಸಿ ಎಂದಾಗ ಇಂದು ದಾದಾಭಾಯಿ ನವರೋಜಿಯವರ ಕಥೆ ಆರಿಸಿಕೊಂಡರು. 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿಯಿಂದ ಬರೀ ಐದು ಮತಗಳಿಂದ ಗೆದ್ದು ಬ್ರಿಟಿಷ್ ಪಾರ್ಲಿಮೆಂಟಿಗೆ ಹೋದವರು ಅವರು. ಅದಕ್ಕೂ ಮೊದಲು ಒಮ್ಮೆ ಸೋತಿದ್ದರು. ಇಂಗ್ಲಿಷರು ಕರಿಯನೊಬ್ಬನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲ ಎಂದು ಆ ಸೋಲಿನ ಬಗ್ಗೆ ಆಗಿನ ಪ್ರಧಾನಿಯೇ ಸಭೆಯಲ್ಲಿ ಹೇಳಿದ್ದ. ನಾಟಕ ಶುರುವಾಗುವುದೇ ಆ ಮಾತಿನಿಂದ.

ರಿಹರ್ಸಲ್ ನೋಡಲು ಬಂದ ಬಳಗದ ಅಧ್ಯಕ್ಷ ವಿಶ್ವನಾಥ ಅಲ್ಲೇ ತಡೆದರು.

"ಮೇಡಂ, ಆ ಲೈನ್ ತೆಗೀರಿ. ನಮ್ಮೋರನ್ನ ಸ್ಟೇಜ್ ಮೇಲೆ ಕರಿಯ ಅನ್ನಿಸ್ತೀರಾ?"

"ನಾನು ಅನ್ನಿಸ್ತಿಲ್ಲ ಸಾರ್. ಅವನೇ ಅಂದಿದ್ದು."

"ನವರೋಜಿ ಪಾರ್ಸಿ, ನಮಗಿಂತ ಬೆಳ್ಳಗಿದ್ರು. ಕರಿಯರು ಅಂದ್ರೆ ಇವರು," ಎಂದು ಕುರ್ಚಿ ಜೋಡಿಸುತ್ತಿದ್ದ ಅಟಿಯೆನೊ ಕಡೆ ಗಲ್ಲ ಎತ್ತಿ ತೋರಿಸಿದರು.

ಆ ಹಾಲ್ ನೋಡಿಕೊಳ್ಳುವ ಐವತ್ತರ ಹೆಂಗಸು ಅಟಿಯೆನೊ. ಹಿಂದೆ ಕನ್ನಡದವರ ಮನೆಗಳಲ್ಲಿ ದುಡಿದವರು. ಬೇರೆ ಕನ್ನಡ ಬಾರದಿದ್ದರೂ ಆ ಒಂದು ಪದ ಅವರಿಗೆ ಗೊತ್ತಿತ್ತು. ತಲೆಯೆತ್ತಿ ನೋಡಿ, ಮತ್ತೆ ಕುರ್ಚಿ ಎಳೆದರು.

ಇಂದು ವಿಶ್ವನಾಥರ ಎದುರಿಗೇ ಬಂದು ನಿಂತರು. "ಮಕ್ಕಳ ಎದುರಿಗೇ ಹೀಗೆ ಮಾತಾಡ್ತೀರಲ್ಲ, ನಾಚಿಕೆ ಆಗಲ್ವಾ? ಆ ಪ್ರಧಾನಿಗೂ ನಿಮಗೂ ಏನ್ರೀ ವ್ಯತ್ಯಾಸ? ಅವನಾದ್ರೂ ಆ ಮಾತಿಗೆ ತನ್ನ ಊರವರ ಹತ್ರಾನೇ ಬೈಸಿಕೊಂಡ. ನಿಮಗೆ ಬೈಯೋರೇ ಇಲ್ಲ!"

"ಓವರ್ ಮಾಡ್ಬೇಡಿ ಮೇಡಂ. ರುಂಡಾದ ಬಂಗಲೆಗಳಿಂದ ದೊಡ್ಡ ದೊಡ್ಡ ಗೆಸ್ಟ್‌ಗಳು ಬರ್ತಿದ್ದಾರೆ."

"ಅವರಿಗೆ ಡ್ಯಾನ್ಸ್ ತೋರ್ಸಿ. ಈ ನಾಟಕ ನಿಮಗೆ ಸಿಗಲ್ಲ."

ಹೊರಡುವಾಗ ಇಂದು ಅಟಿಯೆನೊ ಬಳಿ ಕ್ಷಮೆ ಕೇಳಿದರು. ಅವರೇನೂ ಕರಗಲಿಲ್ಲ. "ನಿಮ್ಮ ಮನೆಯಲ್ಲಿ ಯಾರೂ ಆ ಪದ ಆಡುವುದಿಲ್ಲವೇ?" ಎಂದು ಸ್ವಾಹಿಲಿಯಲ್ಲಿ ಕೇಳಿದರು.

ಸಂಜೆ ಧನಂಜಯ ಗೊಣಗಿದರು: "ಆ ಕರಿಯ ಇನ್ನೂ ಕಾರ್ ತಂದಿಲ್ಲ ನೋಡು."

"ನಮ್ಮ ಡ್ರೈವರ್‌ಗೂ ಒಂದು ಹೆಸರಿದೆ. ಕಮಾವು. ಹೇಳಿ."

"ಏನಾಯ್ತೇ ನಿಂಗೆ?"

"ಹೇಳ್ರೀ! ಇಷ್ಟು ವರ್ಷ ನಾನೂ ಕೇಳಿಸಿಕೊಂಡು ಸುಮ್ಮನಿದ್ದೆನಲ್ಲ, ಅದಕ್ಕೇ ನಾಚಿಕೆ ಆಗ್ತಿದೆ."

ಧನಂಜಯ ಹೇಳಿದರು, ಮುಖ ಗಂಟುಹಾಕಿಕೊಂಡೇ.

ಮರುದಿನ ಬಳಗದ ವಾಟ್ಸಾಪ್ ಗುಂಪಿನಿಂದ ಇಂದುವಿನ ಹೆಸರು ತೆಗೆದಿದ್ದರು. ತಿಂಗಳ ನಂತರ ಅದೇ ನಾಟಕವನ್ನು ಅವರು ತಮ್ಮ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಮಾಡಿಸಿದರು. ನವರೋಜಿಯ ಪಾತ್ರ ವಾಂಬೂಯಿ ಎಂಬ ಹುಡುಗಿಯದು. ಪ್ರಧಾನಿಯ ಮಾತು ಬಂದೊಡನೆ ಸಭಾಂಗಣದಲ್ಲಿ ಅವನಿಗೆ ಛೀಮಾರಿಯ ಕೂಗು ಎದ್ದಿತು. ಹೆಡ್‌ಮಾಸ್ಟರು ಗಾಬರಿಯಿಂದ ಓಡಿಬಂದು, ನಿಲ್ಲಿಸಿ ಎಂದು ಸನ್ನೆ ಮಾಡಿದರು.

ಇಂದು ನಿಲ್ಲಿಸಲಿಲ್ಲ.