ಜಯಮ್ಮನವರ ಜಗಲಿಯ ಬೆಲ್ಲದ ಟೀ

ಅವ್ವನನ್ನು ದುದ್ದಕ್ಕೆ ಕರೆತಂದ ದಿನ ಮನೆಯೊಡತಿ ಜಯಮ್ಮ ಬಿಸಿ ಟೀ ತುಂಬಿದ ಸ್ಟೀಲ್ ಲೋಟವನ್ನು ಅವಳ ಮುಂದೆ ಹಿಡಿದರು. ಅವ್ವ ಕೈ ಚಾಚಲಿಲ್ಲ. ಜಗಲಿಯ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಲೋಟವನ್ನು ನೆಲಕ್ಕಿಡಲಿ ಎಂದು ಕಾದಳು. ಲೋಟ ಕಾದಿತ್ತು. ಜಯಮ್ಮ ಸೆರಗಿನ ತುದಿಯಲ್ಲಿ ಹಿಡಿದುಕೊಂಡು, "ಇಡ್ಕಳವ್ವ, ಕೈ ಸುಡ್ತದೆ" ಎಂದರು. ಅವ್ವ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದ ಮೇಲೆ ಇಸಕೊಂಡಳು. ಆಮೇಲೆ ಮೆಲ್ಲಗೆ ನನ್ನ ಕಿವಿಯಲ್ಲಿ, "ಬಸಿ ಇಲ್ಲೇನಬೇ ಇವರ ಮನ್ಯಾಗ?" ಎಂದು ಕೇಳಿದಳು.

ಬಸಿ ಇಲ್ಲ. ಈ ಕಡೆ ಚಹಾವನ್ನು ಬಸಿಗೆ ಸುರಿದು ಊದಿ ಕುಡಿಯುವವರನ್ನು ನಾನು ಕಂಡಿಲ್ಲ. ಚಹಾ ಎಂಬ ಮಾತೂ ಇಲ್ಲ, ಟೀ. ನಮ್ಮಲ್ಲಿ ಚಿಕ್ಕ ಗಾಜಿನ ಗಿಲಾಸಿನಲ್ಲಿ ಕಡಕ್ ಸಿಂಗಲ್ ಚಹಾ. ಎರಡು ಗುಟುಕಿಗೆ ಮುಗಿಯುತ್ತದೆ, ಮತ್ತೆ ಒಂದು ತಾಸಿಗೆ ಇನ್ನೊಂದು. ಇಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು, ಆದರೆ ಲೋಟದ ತುಂಬ. ಹಾಲು ಹೆಚ್ಚು, ಸೊಪ್ಪು ಕಮ್ಮಿ. ಟೀ ಪುಡಿಗೆ ಹಳಬರು ಸೊಪ್ಪು ಅನ್ನುತ್ತಾರೆ. ಸುರಿಯುವುದಕ್ಕೆ ಬಗ್ಗಿಸುವುದು ಅನ್ನುತ್ತಾರೆ. "ಟೀ ಬಗ್ಗುಸ್ಲಾ?" ಎಂದು ಮೊದಲ ಸಲ ಕೇಳಿದಾಗ ಏನನ್ನು ಬಗ್ಗಿಸುತ್ತಾರೋ ಎಂದು ನೋಡುತ್ತಾ ನಿಂತಿದ್ದೆ.

ನಾನು ಸಿಂಧನೂರು ಕಡೆಯ ಹಳ್ಳಿಯವಳು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಭತ್ತದ ಗದ್ದೆಯ ಕೆಸರಲ್ಲಿ ಅವ್ವನ ಕಾಲಬೆರಳ ಸಂದಿ ಕೊಳೆತದ್ದು ನನ್ನ ಬಿಎಸ್ಸಿಗೆ, ಆಮೇಲೆ ಬಿಎಡ್‌ಗೆ. ಕೆಲಸ ಸಿಕ್ಕಾಗ ಉಳಿದಿದ್ದ ಜಾಗ ಮಂಡ್ಯ ತಾಲ್ಲೂಕಿನ ದುದ್ದದ ಹೈಸ್ಕೂಲಿನದು. ಬಂದೆ.

ಮನೆ ಹುಡುಕುವಾಗ ಒಂದು ವಿಷಯ ತಿಳಿಯಿತು. ನಮ್ಮ ಕಡೆ ಸುತ್ತುಬಳಸಿ ಕೇಳುತ್ತಾರೆ: ಮನೆದೇವರು ಯಾವುದು, ಅಡ್ಡಹೆಸರೇನು. ಇಲ್ಲಿ ನೇರ. "ಯಾವ ಜನ ನೀವು?" ನಾನೂ ನೇರವಾಗಿ ಹೇಳುತ್ತಿದ್ದೆ. ಹೇಳಿದ ಮೇಲೆ ಸುಣ್ಣ ಹೊಡೆಸಬೇಕು ಅನ್ನುತ್ತಿದ್ದರು, ತಂಗಿ ಬರುತ್ತಾಳೆ ಅನ್ನುತ್ತಿದ್ದರು. ನೇರವಾಗಿ ಕೇಳುವವರು ನೇರವಾಗಿ ಇಲ್ಲ ಅನ್ನುವುದಿಲ್ಲ. ಜಯಮ್ಮ ಗೌಡರ ಪೈಕಿಯ ಹೆಂಗಸು, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ನಾವು ಎಸ್ಸಿ ಅಂದಾಗ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ, "ನಲ್ಲಿ ಸೋರಕ್ಬುಡ್ಬ್ಯಾಡಿ, ಕರೆಂಟ್ ಬಿಲ್ಲು ನಿಮ್ದೇಯ" ಅಂದು ಬೀಗದಕೈ ಕೊಟ್ಟರು.

ಟೀ ಮಾತ್ರ ನಾನು ಅವರ ಮನೆಯಲ್ಲಿ ಕುಡಿಯಲಿಲ್ಲ. ನನಗೆ ಟೀ ಒಗ್ಗಲ್ಲ ಅಂದೆ. ಕಾಲೇಜಿನಲ್ಲಿ ಗೆಳತಿಯರ ಮನೆಗಳಿಗೆ ಹೋಗುವಾಗ ಕಲಿತ ಮಾತು ಅದು. ಒಗ್ಗಲ್ಲ ಅಂದುಬಿಟ್ಟರೆ ಯಾವುದರಲ್ಲಿ ಕೊಡುತ್ತಾರೆ ಎಂದು ನೋಡುವ ಕಷ್ಟ ಇರುವುದಿಲ್ಲ. ಸ್ಟಾಫ್ ರೂಮಿನಲ್ಲೂ ಟೀಚರಿಗೆ ಟೀ ಅಭ್ಯಾಸವಿಲ್ಲ ಎಂದೇ ನಂಬಿದ್ದಾರೆ. ಮನೆಯಲ್ಲಿ ನಾನೇ ಕಡಕ್ಕಾಗಿ ಕುದಿಸಿ ಕುಡಿಯುತ್ತೇನೆ, ಬಾಗಿಲು ಹಾಕಿಕೊಂಡು.

ಊರಲ್ಲಿ ಅವ್ವ ಕೆಲಸಕ್ಕೆ ಹೋಗುತ್ತಿದ್ದ ಮನೆಯ ಹಿತ್ತಿಲ ಗೋಡೆಯ ಮೇಲೆ ಅವಳದೊಂದು ಗಿಲಾಸು ಬೋರಲಾಗಿರುತ್ತಿತ್ತು. ತಾನೇ ತೆಗೆದು ಒಡ್ಡಬೇಕು, ಮೇಲಿನಿಂದ ಸುರಿದದ್ದನ್ನು ಕುಡಿಯಬೇಕು, ತೊಳೆದು ಮತ್ತೆ ಬೋರಲು ಹಾಕಿ ಬರಬೇಕು. ಅಷ್ಟು ದೊಡ್ಡ ಮನೆಯಲ್ಲಿ ಅವ್ವನಿಗೇ ಅಂತ ಒಂದು ಗಿಲಾಸು ಇದೆಯಲ್ಲ ಎಂದು ಚಿಕ್ಕವಳಿದ್ದಾಗ ನಾನು ಹೆಮ್ಮೆಪಟ್ಟಿದ್ದೆ.

ಅವ್ವನನ್ನು ಕರೆತಂದದ್ದು ಅವಳ ಕಿಡ್ನಿ ಕೆಟ್ಟಿದ್ದರಿಂದ. ಊರಲ್ಲಿದ್ದರೆ ಆಸ್ಪತ್ರೆ ದೂರ. ಇಲ್ಲಿ ದುದ್ದದಿಂದ ಬಸ್ಸು ಹತ್ತಿದರೆ ಮಂಡ್ಯ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಡಾಕ್ಟರು ಬಿಡಿಸಿ ಹೇಳಿದ್ದರು: ಕುಡಿದ ನೀರು ಇವರ ಮೈಯಿಂದ ಹೊರಗೆ ಹೋಗುವುದಿಲ್ಲ, ಹೆಚ್ಚಾದರೆ ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ. ನೀರು, ಸಾರು, ಮಜ್ಜಿಗೆ, ಟೀ ಎಲ್ಲ ಸೇರಿ ದಿನಕ್ಕೆ ಒಂದು ಚಿಕ್ಕ ಬಾಟಲಿಯಷ್ಟೇ. ಎಳನೀರು ಕೂಡದು. ಕಬ್ಬಿನ ಹಾಲು ಕೂಡದು. ಬೆಲ್ಲ ಕೂಡದು. ಕೇಳುತ್ತಾ ನನಗೆ ನಗು ಬಂತು, ನಗುವಂಥ ನಗುವಲ್ಲ. ಬಸ್ಸಿನ ಕಿಟಕಿಯಾಚೆ ಎರಡೂ ಕಡೆ ಕಬ್ಬು. ಮದ್ದೂರಿನಿಂದ ಎಳನೀರು ಲಾರಿಗಟ್ಟಲೆ ದೇಶಾಂತರ ಹೋಗುತ್ತದೆ. ಈ ಜಿಲ್ಲೆಯವರು ಬಂದವರಿಗೆ ಏನು ಕೊಟ್ಟು ಮರ್ಯಾದೆ ಮಾಡುತ್ತಾರೋ ಅದೆಲ್ಲ ನಮ್ಮವ್ವನಿಗೆ ವಿಷ.

ಮನೆಯಲ್ಲಿ ಅವ್ವ ಶಿಸ್ತಾಗಿದ್ದಳು. ಬಾಟಲಿಯ ಅರ್ಧ ನೀರು ಸಂಜೆಗೂ ಉಳಿದಿರುತ್ತಿತ್ತು. ಆದರೂ ಆಸ್ಪತ್ರೆಯಲ್ಲಿ ತೂಕಕ್ಕೆ ನಿಲ್ಲಿಸಿದಾಗಲೆಲ್ಲ ಮುಳ್ಳು ಮುಂದೆ ಹೋಗುತ್ತಿತ್ತು. ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು. ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಸಿಸ್ಟರು ನನ್ನನ್ನು ಬೈದರು. ಬಸ್ಸಿನಲ್ಲಿ ಬರುವಾಗ ಅವ್ವನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ನಾನು ಶಾಲೆಗೆ ಹೋದ ಮೇಲೆ ದಿನಾ ಜಯಮ್ಮನ ಜಗಲಿಯಲ್ಲಿ ಒಂದು ಲೋಟ, ಕೆಲವು ದಿನ ಎರಡು. ಬೆಲ್ಲದ ಟೀ.

"ಬ್ಯಾಡ ಅನ್ನಾಕ ಬರಲ್ಲೇನಬೇ ನಿನಗ?"

"ಹುಟ್ಟಿದಾಗಿಂದ ಒಬ್ಬರೂ ಕೈಗೆ ಕೊಟ್ಟಿಲ್ಲ," ಅಂದಳು. "ಕೊಟ್ಟಾಕಿಗೆ ಹೆಂಗ ಬ್ಯಾಡನ್ಲಿ? ತಾವು ಕುಡಿಯೂ ಲೋಟದಾಗ ಕೊಡ್ತಾಳ. ಕೊಳ್ಳಾಗ ಗೆರಿ ಐತಿ ನೋಡು, ಅದರಾಗ."

ಆ ಸಂಜೆಯೇ ಜಯಮ್ಮನ ಹತ್ತಿರ ಹೋದೆ. ಅವ್ವನಿಗೆ ಟೀ ಕೊಡಬೇಡಿ ಅಂದೆ. ಅವರ ಮುಖ ಬಿಗಿಯಿತು. "ಯಾಕೆ, ನಮ್ಮನೆ ಟೀ ಕುಡುದ್ರೆ ಏನಾದದು?" ಮಗಳು ಟೀ ಒಗ್ಗಲ್ಲ ಅಂತಾಳೆ, ಈಗ ತಾಯಿಗೂ ಬೇಡ ಅಂತಾಳೆ ಎಂದು ಅವರಿಗೆ ಅನ್ನಿಸಿರಬೇಕು. ನೀರು ಎಲ್ಲಿಗೆ ಹೋಗಿ ತುಂಬುತ್ತದೆ ಎಂದು ಹೇಳಿದ ಮೇಲೆ ಜಗಲಿಯ ಮೇಲೆ ಕುಸಿದು ಕೂತರು. "ಸಕ್ರೆ ಒಳ್ಳೇದಲ್ಲ ಅಂತಾವ ಬೆಲ್ಲ ಆಕ್ದೆ ಕಣ್ ಟೀಚರಮ್ಮ. ಒಂದ್ ಮಾತು ಏಳ್ಬಾರ್ದಾ?"

ಮರುದಿನದಿಂದ ಅವರು ಕೊಡಲಿಲ್ಲ. ಎದುರಿಗೆ ಕುಡಿಯಲೂ ಮನಸ್ಸಾಗದೆ ಟೀ ಹೊತ್ತಿಗೆ ಒಳಗೆ ಹೋಗಿಬಿಡುತ್ತಿದ್ದರು. ಅವ್ವ ಖಾಲಿ ಜಗಲಿಯಲ್ಲಿ ಕೂತು ನೋಡಿದಳು. ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟಳು.

"ಗೊತ್ತಾಗ್ಯಾದ ಅಕಿಗೆ," ಅಂದಳು ನನಗೆ.

ನಮ್ಮ ಜಾತಿ ಯಾವುದೆಂದು ಮೊದಲ ದಿನವೇ ಹೇಳಿದ್ದೆ ಅಂದೆ. ಟೀ ಕೊಡಬೇಡಿ ಅಂದವಳು ನಾನೇ ಅಂದೆ. ಅವ್ವ ನನ್ನ ತಲೆ ಸವರಿದಳು. "ನೀ ಹಿಂಗ ಹೇಳ್ತಿ ಅಂತ ಗೊತ್ತಿತ್ತು. ಇರಲಿ ಬಿಡು. ಇಷ್ಟು ದಿನ ಕೊಟ್ಟಾಳಲ್ಲ."

ಹತ್ತನೇ ತರಗತಿಯ ಮಕ್ಕಳಿಗೆ ಕಿಡ್ನಿಯ ಚಿತ್ರ ಬರೆದು ಅರ್ಥ ಮಾಡಿಸುವವಳು ನಾನು. ಅವ್ವನಿಗೆ ಇದೊಂದನ್ನು ಅರ್ಥ ಮಾಡಿಸಲಾಗಲಿಲ್ಲ. ಅವಳು ಕಲಿತ ಪಾಠ ನನ್ನ ಪಾಠಕ್ಕಿಂತ ಹಳೆಯದು.

ಆಸ್ಪತ್ರೆಯಲ್ಲಿ ಕೇಳಿದೆ. ದಿನದ ಅಳತೆಯೊಳಗೇ ಆದರೆ ಎರಡು ಗುಟುಕು, ಬೆಲ್ಲವಿಲ್ಲದೆ, ಕೊಡಬಹುದು ಅಂದರು. ಜಯಮ್ಮನಿಗೆ ಹೇಳಿದರೆ ಅವರು ಹೆದರಿದರು. ನನ್ನ ಕೈಯಿಂದ ಏನಾದರೂ ಆದರೆ ಅಂದರು. ನಾನು ಬೇಡಿಕೊಂಡೆ. ಟೀ ಬೇಡುವ ದಿನ ನನಗೂ ಬರುತ್ತದೆ ಅಂದುಕೊಂಡಿರಲಿಲ್ಲ. ಕೊನೆಗೆ, ಮುಂದಿನ ಡಯಾಲಿಸಿಸ್ ಮುಗಿಸಿಕೊಂಡು ಬಂದ ಸಂಜೆ ತಾವೇ ನಮ್ಮ ಮನೆಗೆ ತಂದು ಕೊಡುವುದಾಗಿ ಒಪ್ಪಿದರು.

ಆ ಸಂಜೆ ಬರಲಿಲ್ಲ. ಹಿಂದಿನ ದಿನ ಬೆಳಗಿನ ಜಾವ ಅವ್ವನಿಗೆ ಮೇಲುಸಿರು ಹತ್ತಿತು. ಮಂಡ್ಯ ಮುಟ್ಟುವ ಮೊದಲೇ, ನನ್ನ ತೊಡೆಯ ಮೇಲೆ ಹೋಗಿಬಿಟ್ಟಳು.

ಅವಳನ್ನು ಊರಿಗೆ ಒಯ್ಯಲು ಗಾಡಿ ಮಾಡಿಸಿದೆ. ಸಾಮಾನು ತೆಗೆದುಕೊಳ್ಳಲು ದುದ್ದದಲ್ಲಿ ನಿಲ್ಲಿಸಿದಾಗ ಜಯಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಬಂದರು. ಅವ್ವನ ಕಾಲು ಮುಟ್ಟಿದರು. ನಾನು ನೋಡಿದೆ, ಮುಟ್ಟಿದರು. ಒಳಗೆ ಹೋಗಿ ಒಂದು ಲೋಟ ತಂದು ನನ್ನ ಕೈಗೆ ಕೊಟ್ಟರು. "ನಿಮ್ಮವ್ವನ ಲೋಟ ಕಣವ್ವ. ತಕೊಂಡೋಗಿ."

ಕೊರಳಲ್ಲಿ ಗೆರೆಯಿದ್ದ ಲೋಟ.

ಊರು ಮುಟ್ಟುವವರೆಗೂ ಅದು ನನ್ನ ಮಡಿಲಲ್ಲಿತ್ತು. ಅವ್ವನ ಮೇಲಿನ ಪ್ರೀತಿಗೆ ನೆನಪೆಂದು ಕೊಟ್ಟರೋ? ಮೊದಲ ದಿನದಿಂದಲೂ ಅವಳಿಗೆ ಅಂತ ಬೇರೆ ಇಟ್ಟಿದ್ದ ಲೋಟ, ಇನ್ನು ತಮಗೆ ಬೇಡವೆಂದು ಕೊಟ್ಟರೋ? ಕೇಳಲಿಲ್ಲ. ಕೇಳಿದರೆ ಯಾವ ಉತ್ತರ ಬಂದರೂ ನಾನು ನಂಬುತ್ತಿರಲಿಲ್ಲ. ಅವ್ವ ನನ್ನನ್ನು ನಂಬದ ಹಾಗೆ.

ಮೂರನೇ ದಿನ ಮಣ್ಣಿನ ಮೇಲೆ ಎಡೆ ಇಟ್ಟಾಗ ಆ ಲೋಟದಲ್ಲೇ ಚಹಾ ಇಟ್ಟೆ. ಪಕ್ಕದಲ್ಲಿ ಬಸಿಯನ್ನೂ ಇಟ್ಟೆ. "ಮಂಡ್ಯದ ಟೀಚರಮ್ಮ ಬಂದಾಳ" ಎಂದು ಕೇರಿಯ ಮಕ್ಕಳು ನನ್ನನ್ನು ನೋಡಲು ಬಂದರು. ದುದ್ದದವರಿಗೆ ನಮ್ಮ ಕಡೆಯವರೆಲ್ಲ ಬಿಜಾಪುರದವರು, ಅಲ್ಲಿ ನಾನು ಬಿಜಾಪುರದ ಟೀಚರು. ಬಿಜಾಪುರ ನಾನು ನೋಡಿಯೇ ಇಲ್ಲ.

ರಜೆ ಮುಗಿದು ವಾಪಸು ಬಂದ ಸಂಜೆ ಜಯಮ್ಮ ಜಗಲಿಯಿಂದ ಕೂಗಿದರು. ಒಂದು ಗುಟುಕು ಟೀ ಕುಡಿಯಲು ಬನ್ನಿ, ಒಗ್ಗದಿದ್ದರೂ ಸರಿ ಅಂದರು. ಬಾಗಿಲಾಚೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳ ಸಾಲು ಕಾಣುತ್ತಿತ್ತು. ಅವಕ್ಕೂ ಗೆರೆ ಇದೆಯೋ ಇಲ್ಲವೋ ಜಗಲಿಯಿಂದ ತಿಳಿಯದು. ಒಳಗೆ ನಾನು ಹೋದವಳಲ್ಲ, ಅವರು ಕರೆದವರಲ್ಲ. ನಾನು ಅವ್ವನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದೆ. ಇದ್ಯಾಕೆ ತಂದಿರಿ, ನಮ್ಮ ಮನೆಯಲ್ಲಿ ಇಲ್ಲವಾ ಎಂದು ಕೇಳಲಿ ಎಂದು ಕಾದೆ. ಜಯಮ್ಮ ಲೋಟ ನೋಡಿದರು. ಅವರ ಕಣ್ಣು ತುಂಬಿತು. ಅದಕ್ಕೇ ಬಗ್ಗಿಸಿದರು.

ಬೆಲ್ಲದ ಟೀ. ಚೆನ್ನಾಗಿತ್ತು. ಪೂರ್ತಿ ಕುಡಿದೆ. ಅವರ ನಲ್ಲಿಯಲ್ಲಿ ನಾನೇ ತೊಳೆದೆ. ಬೇಡ ಅನ್ನಲಿಲ್ಲ ಅವರು. ಮನೆಗೆ ತಂದು ಕಿಟಕಿಯ ಕಟ್ಟೆಯ ಮೇಲೆ ಇಡುವಾಗ ಕೈ ತಾನಾಗಿಯೇ ಲೋಟವನ್ನು ಬೋರಲು ಮಾಡಲು ಹೋಯಿತು. ತಡೆದೆ. ಬಾಯಿ ಮೇಲಾಗಿಯೇ ಇಟ್ಟೆ. ಒಳಗಿನ ನೀರು ಆರಲು ಬಹಳ ಹೊತ್ತು ಹಿಡಿಯಿತು.