ಕೊನೆಯ ರೊಟ್ಟಿ ನಿಲ್ಲಿಸಿದ ಕಂಪೌಂಡರು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ನಾಯಿ ಕಚ್ಚಿದ್ದಲ್ಲ, ಎಂದೋ ಒಂದು ಕುದುರೆ ಕಚ್ಚಿದ್ದು. ದನದ ದವಾಖಾನೆಯಲ್ಲಿ ಕಂಪೌಂಡರಾಗಿ ನಿವೃತ್ತರಾದವರು. ಬೆಂಗೇರಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಮನೆ. ಎದುರಿಗೆ ಯಾವ ನಾಯಿ ಬಂದರೂ ತಲೆ ಸವರುತ್ತಿರಲಿಲ್ಲ. ಆ ಬೆರಳನ್ನು ಮೊದಲು ಅದರ ಪಕ್ಕೆಯ ಮೇಲೆ ಆಡಿಸುತ್ತಿದ್ದರು. ಎಲುಬು ಬೆರಳಿಗೆ ಸಿಕ್ಕರೆ “ಸಿಗತಾವ” ಎಂದು ಮುಂದೆ ಹೋಗುತ್ತಿದ್ದರು. ಕೊಬ್ಬಿನಡಿ ಸಿಗದಿದ್ದರೆ ನಾಯಿಯನ್ನು ಬಿಟ್ಟು ಸಾಕಿದವರ ಕಡೆ ತಿರುಗುತ್ತಿದ್ದರು. ನನ್ನ ಕಡೆ ತಿರುಗಿದ್ದೂ ಹಾಗೆಯೇ.

ನಾನು ನಾಲ್ಕನೆಯ ಇಯತ್ತೆಯ ತನಕ ಕಲಿತವಳು. ನಾಯಿ ಎಂದರೆ ಜೀವ ಬಿಡುವವಳೂ ಅಲ್ಲ. ಅಮರಗೋಳದ ಮಾರ್ಕೆಟ್ಟಿನಲ್ಲಿ ನನ್ನ ಮಗನದು ಕಾಳಿನ ವ್ಯಾಪಾರ. ಗೋದಾಮು ಕಾಯಲಿ ಎಂದು ಅವನು ಹಳದಿ ಬಣ್ಣದ ಲ್ಯಾಬ್ರಡಾರ್ ಮರಿ ತಂದ. ದೊಡ್ಡದಾಯಿತು, ಆದರೆ ಕಾಯಲಿಲ್ಲ. ಬಂದವರಿಗೆಲ್ಲ ಬಾಲ ಅಲ್ಲಾಡಿಸಿತು. ಚೀಲಗಳನ್ನು ಬಿಟ್ಟು ಹಮಾಲರ ಬುತ್ತಿಯ ಮುಂದೆ ಕುಳಿತಿತು. ಮಗ ಸಿಟ್ಟಿನಿಂದ ಮನೆಗೆ ತಂದು ಬಿಟ್ಟ. ಹಮಾಲರು ಅದಕ್ಕೆ ಗುಂಡ್ಯಾ ಎನ್ನುತ್ತಿದ್ದರಂತೆ. ನಾವೂ ಅದನ್ನೇ ಅಂದೆವು.

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಒಲೆ ಆರಿಸುವ ಮುಂಚೆ ಬಡಿದ ಕೊನೆಯ ರೊಟ್ಟಿ ನಾಯಿಗೆ. ಮೊದಲು ಅದನ್ನು ಬೀದಿನಾಯಿಗಳು ತಿನ್ನುತ್ತಿದ್ದವು. ಗುಂಡ್ಯಾ ಬಂದ ಮೇಲೆ, ಬೊಗಳದ, ಕಚ್ಚದ, ಮಕ್ಕಳು ಕಿವಿ ಎಳೆದರೂ ಸುಮ್ಮನಿರುವ ಈ ನಾಯಿಗೇ ಎಲ್ಲರೂ ಹಾಕತೊಡಗಿದರು. ಅದು ಬಾಗಿಲಿಂದ ಬಾಗಿಲಿಗೆ ಹೋಗಿ ತಿಂದು ಬರುತ್ತಿತ್ತು. ಎರಡು ವರ್ಷದಲ್ಲಿ ಹೊಟ್ಟೆ ಜೋತುಬಿತ್ತು. ಒಂದು ದಿನ ನಮ್ಮ ಕಟ್ಟೆಯ ಮೂರು ಮೆಟ್ಟಿಲು ಹತ್ತಲಾಗದೆ ಕೆಳಗೇ ಕುಳಿತು ನನ್ನ ಮುಖ ನೋಡಿತು.

ಮಗ ಕಬ್ಬಿಣದ ಸರಪಳಿ ತಂದ. ಗಬ್ಬೂರಿನ ಬೈಪಾಸ್ ಹತ್ತಿರ ಗೆಳೆಯನ ಖಾಲಿ ಜಾಗದಲ್ಲಿ ಕಟ್ಟಿ ಬರುತ್ತೇನೆ ಎಂದ. ನಾನೂ ಹೂಂ ಅಂದಿದ್ದೆ, ಸುಳ್ಳು ಯಾಕೆ ಬರೆಯಲಿ. ಒಯ್ಯುವ ಮುಂಚೆ ಕಾಲಿಗೆ ಏನಾಗಿದೆ ನೋಡಲಿ ಎಂದು ಕಂಪೌಂಡರನ್ನು ಕರೆಸಿದೆ.

ಬೆರಳು ಆಡಿಸಿದರು, ಒತ್ತಿದರು. ಎಲುಬು ಸಿಗಲಿಲ್ಲ. ಯಾರ್ಯಾರು ತಿನ್ನಲು ಹಾಕುತ್ತಾರೆ ಎಂದು ಕೇಳಿದರು. ನಾನು ಸಾಲಾಗಿ ಹತ್ತು ಮನೆ ಹೇಳಿದೆ.

“ಹತ್ತು ಮನಿ ಆತು. ನಿಮ್ಮನಿ ಎಲ್ಲಿ ಬಿಟ್ರಿ, ಅಕ್ಕಾರ?” ಅಂದರು.

ನಾನು ತುಪ್ಪ ಸವರಿ ಎರಡು ಹಾಕುತ್ತಿದ್ದೆ. ಸಿಟ್ಟು ಬಂತು, ಚಹಾ ಸಹ ಕೊಡಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ. ಮಗನಿಗೆ ಹೇಳಿದರು: ಈ ಜಾತಿ ಕಾವಲಿಗೆ ಹುಟ್ಟಿದ್ದಲ್ಲ, ಇದಕ್ಕೆ ಮನುಷ್ಯರ ಸಂಗ ಬೇಕು, ಒಂಟಿ ಕಟ್ಟಿದರೆ ಕೊರಗುತ್ತದೆ. ಸಾಕು ಎನ್ನುವುದು ಇದರ ಹೊಟ್ಟೆಗೆ ಗೊತ್ತಿಲ್ಲ, ಹಾಕುವವರಿಗೇ ಗೊತ್ತಿರಬೇಕು. ದಸರೆಯ ತನಕ ತಡೆ, ಅಷ್ಟರಲ್ಲಿ ಮೆಟ್ಟಿಲು ಹತ್ತದಿದ್ದರೆ ನಾನೇ ಗಬ್ಬೂರಿಗೆ ಬಿಟ್ಟು ಬರುತ್ತೇನೆ. ಮಗ “ಆತು ಕಾಕಾ, ದಸರಾ ಮಟಾ” ಎಂದು ಸರಪಳಿಯನ್ನು ಮೊಳೆಗೆ ನೇತುಹಾಕಿದ.

ಮರುದಿನ ಅವರು ಗುಂಡ್ಯಾನನ್ನೂ ನನ್ನನ್ನೂ ಕರೆದುಕೊಂಡು ಹತ್ತೂ ಬಾಗಿಲಿಗೆ ಹೋದರು. ಮೂಲೆಮನೆಯ ಹಿರಿಯಳು ಜಗಳಕ್ಕೇ ನಿಂತಳು.

“ನಮ್ಮತ್ತಿ ಕಾಲದಿಂದ ಹಾಕ್ಕೋತ ಬಂದೇವಿ. ಪುಣ್ಯಾದ ಕೆಲಸಕ್ಕ ಅಡ್ಡ ಬರಾಕ ನೀವ್ಯಾರ್ರಿ?”

“ಪುಣ್ಯಾ ನಿಮಗ ಬರತೈತ್ರಿ ಯವ್ವಾ, ಮಣಕಾಲ ನೋವು ಅದಕ್ಕ ಬರತೈತಿ. ಹಸದ ನಾಯಿ ಓಣ್ಯಾಗ ಭಾಳ ಅದಾವ, ಅವಕ್ಕ ಹಾಕ್ರಿ.”

ಅಂದಿನಿಂದ ಓಣಿಯಲ್ಲಿ ನನಗೆ ನಾಯಿಯ ಬಾಯಿಂದ ರೊಟ್ಟಿ ಕಸಿದ ಮುದುಕಿ ಎಂದು ಹೆಸರಾಯಿತು. ಆಗಲಿ ಅಂದೆ. ಬಿಸಿಲೇರುವ ಮುಂಚೆ ನಡಿಗೆ, ಯಾಕೆಂದರೆ ಇದಕ್ಕೆ ಬಿಸಿಲು ತಡೆಯುವುದಿಲ್ಲ. ಬಟ್ಟಲಿನ ಅಳತೆಯಲ್ಲಿ ಅನ್ನ, ಉಪ್ಪಿಲ್ಲದ ಬೇಳೆ. ಬೇಡಿದರೆ ಸೌತೆಕಾಯಿ. ಮೈ ತೊಳೆದ ಮೇಲೆ ಜೋತ ಕಿವಿಯ ಒಳಗೆಲ್ಲ ಒರೆಸುವುದು, ಇಲ್ಲದಿದ್ದರೆ ಕೀವಾಗುತ್ತದೆ. ಕೋಳಿಯ ತತ್ತಿಯೂ ಬೇಕು ಅಂದರು ಕಂಪೌಂಡರು. ನಮ್ಮದು ಲಿಂಗ ಕಟ್ಟಿದ ಮನೆ. ಅವರೇ ತಮ್ಮ ಮನೆಯಲ್ಲಿ ಕುದಿಸಿ ಜೇಬಿನಲ್ಲಿಟ್ಟುಕೊಂಡು ಬಂದು ಹಿತ್ತಲಲ್ಲಿ ತಿನ್ನಿಸುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ದಿನಾ ನಾಯಿಯ ಹಿಂದೆ ನಡೆದು ನನ್ನ ಮೊಣಕಾಲ ನೋವೂ ಹಗುರಾಯಿತು. ಅದರ ಬಗ್ಗೆ ಅವರು ಮೊದಲು ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ನಾನು ನಡೆಯುತ್ತಿರಲಿಲ್ಲ.

ಪಂಚಮಿಗೆ ಉಂಡಿ ಕಟ್ಟಿದೆ. ಗುಂಡ್ಯಾ ಡಬ್ಬಿಯ ಮುಂದೆ ಜೊಲ್ಲು ಸುರಿಸುತ್ತ ಕುಳಿತಿತು. ಒಂದು ಚೂರೂ ಕೊಡಲಿಲ್ಲ.

ದಸರೆಯ ಸಂಜೆ ಕಂಪೌಂಡರು ಬನ್ನಿ ಕೊಡಲು ಬಂದರು. ಅಂಗಳದಲ್ಲಿ ಮಲಗಿದ್ದ ಗುಂಡ್ಯಾ ಎದ್ದು, ಅವರ ಜೇಬು ಮೂಸುತ್ತ ಅವರ ಹಿಂದೆಯೇ ಮೂರೂ ಮೆಟ್ಟಿಲು ಹತ್ತಿ ಬಂತು. ಮಗ ಮೊಳೆಯಿಂದ ಸರಪಳಿ ತೆಗೆದು ಗೇಟಿಗೆ ಸುತ್ತಿದ. ಈಗಲೂ ಅದು ಅಲ್ಲೇ ಇದೆ.

ಕಳೆದ ಚಳಿಗಾಲ ಕಂಪೌಂಡರು ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಕುಳಿತವರು ಏಳಲಿಲ್ಲ. ಅವರ ದಿವಸದ ಊಟಕ್ಕೆ ಓಣಿಗೆ ಓಣಿಯೇ ಹೋಯಿತು. ಗುಂಡ್ಯಾ ನನ್ನ ಜೊತೆ ಬಂದು ಅವರ ಹೊಸ್ತಿಲ ಹೊರಗೆ ಕುಳಿತಿತು. ಅವರ ಹೆಂಡತಿ ತುಪ್ಪ ಹಾಕಿದ ಹೋಳಿಗೆಯನ್ನು ಎಲೆಯ ಮೇಲಿಟ್ಟುಕೊಂಡು ಹೊರಗೆ ಬಂದರು.

“ಅವರ ಹೆಸರಿಗೆ ಇವತ್ತೊಂದಿನ ತಿನ್ನಲಿ ಬಿಡ್ರಿ.”

“ಬ್ಯಾಡ್ರಿ” ಅಂದೆ.

ಉಣ್ಣುತ್ತಿದ್ದ ಮೂಲೆಮನೆಯವಳು ಇದಕ್ಕೇ ಕಾದಿದ್ದವಳಂತೆ, ಸತ್ತವರ ಹೆಸರಿನದನ್ನೂ ಬ್ಯಾಡ ಅಂತಾಳಲ್ಲ, ಇಕಿದು ಎಂಥಾ ಎದಿ, ಅಂದಳು.

“ಅವರ ಹೆಸರಿಗೇ ಬ್ಯಾಡ ಅನ್ನಾಕತ್ತೇನಿ” ಅಂದೆ. ಅಲ್ಲಿಂದ ಕದಲಲಿಲ್ಲ.

ಕಂಪೌಂಡರ ಹೆಂಡತಿ ಎಲೆಯನ್ನು ನನ್ನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ ಗುಂಡ್ಯಾನ ಪಕ್ಕೆಯ ಮೇಲೆ ಬೆರಳು ಆಡಿಸಿದರು.

“ಸಿಗತಾವ” ಅಂದರು.