ಒಣದ್ರಾಕ್ಷಿ ಕಿವಿಯ ವಸ್ತಾದರು

ಕುಸ್ತಿ ಕಲಿಸುವ ರಾಮಗೊಂಡ ವಸ್ತಾದರ ಕಿವಿಗಳನ್ನು ಮೊದಲ ಸಲ ಕಂಡವರು ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ನಮ್ಮ ಕಾಗವಾಡದ ಕಡೆ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಲು ಹಾಕುತ್ತಾರಲ್ಲ, ಆ ಹಣ್ಣು ಕೆಲವೇ ದಿನಗಳಲ್ಲಿ ಹೇಗೆ ಮುದುಡಿ ಗಂಟಾಗುತ್ತದೋ ಹಾಗಿದ್ದವು ಅವರ ಎರಡೂ ಕಿವಿಗಳು. ನಲವತ್ತು ವರ್ಷ ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣಿನಲ್ಲಿ ಎದುರಾಳಿಗಳ ತಲೆಗೆ, ಮೊಣಕೈಗೆ ಉಜ್ಜಿ ಉಜ್ಜಿ ಆದ ಕಿವಿಗಳು. ಪೆಟ್ಟು ಬಿದ್ದಲ್ಲಿ ರಕ್ತ ಹೆಪ್ಪುಗಟ್ಟಿ, ಒಳಗಿನ ಎಳೆಮೂಳೆಗೆ ಆಹಾರ ಸಿಗದೆ ಹಾಗಾಗುತ್ತದೆ ಎಂದು ನಾನು ಓದಿದ್ದೆ. ಮೊದಲ ಭೇಟಿಯಲ್ಲೇ ಅದನ್ನು ಅವರಿಗೆ ವಿವರಿಸಿಯೂ ಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು, "ಹೌದ್ರಿ? ನಾ ಸುಮ್ನ ವಯಸ್ಸಾತು ಅಂತ ತಿಳಕೊಂಡಿದ್ನಿ" ಎಂದರು. ಅದು ಗೇಲಿ ಎಂದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ನಾನು ಕ್ರೀಡಾ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಊರಿನ ಕಾಲೇಜಿಗೆ ಬಂದು ಸೇರಿದ್ದೆ. ಅದೇ ವರ್ಷ ಕಾಲೇಜಿನಲ್ಲಿ ರಗ್ಬಿ ತಂಡ ಶುರುವಾಗಿತ್ತು. ಕಾರಣ ಸರಳ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಳ್ಳಿಗಳಿಂದ ಕುಸ್ತಿ ಆಡುವ ಹುಡುಗರು ಬರುತ್ತಿದ್ದರು. ಕುಸ್ತಿಯಲ್ಲಿ ಒಂದು ತೂಕಕ್ಕೆ ಒಬ್ಬನಿಗೇ ಜಾಗ, ರಗ್ಬಿಯಲ್ಲಿ ಹದಿನೈದು ಜನರಿಗೆ. ಈ ಆಟದಲ್ಲಿ ಎಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು, ಎದುರಿನ ಎಂಟು ಜನರನ್ನು ದೂಡುವ ಘಟ್ಟವೊಂದಿದೆ. ಮುಂದಿನ ಸಾಲಿನವರ ಕುತ್ತಿಗೆ ಗಟ್ಟಿಯಿಲ್ಲದಿದ್ದರೆ ಜೀವಕ್ಕೇ ಅಪಾಯ. ಕುತ್ತಿಗೆ ಬೆಳೆಸಲು ವಸ್ತಾದರನ್ನು ಕರೆಸಿದರು. ದೇಹದ ಉಳಿದ ಭಾಗಕ್ಕೆ ನಾನಿದ್ದೆ.

ವಸ್ತಾದರು ಮೊದಲ ದಿನ ಆ ಉದ್ದನೆಯ ಚೆಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಇದನ್ನ ಮಾಡಿದಾವ ನಡಬರಕ ಎದ್ದ ಹೋಗ್ಯಾನೇನ?" ಎಂದರು. ಎಂಟು ಜನ ದೂಡುವುದನ್ನು ನೋಡಿ ಇನ್ನೂ ಬೇಸರಪಟ್ಟರು. "ರಾಡ್ಯಾಗ ಹುಗದ ಗಾಡಿ ದೂಡಿದಂಗ ಐತಲ್ರಿ ಇದು. ಇದನ್ನ ಕಲಿಯಾಕ ಇಂಗ್ಲಂಡ ತನಕ ಯಾಕ ಹೋಗಬೇಕ?"

ದೂಡುವ ಅಭ್ಯಾಸಕ್ಕೆಂದು ಒಂದು ಯಂತ್ರವಿರುತ್ತದೆ. ನಮ್ಮ ಕಾಲೇಜಿನಲ್ಲಿ ಅದರ ಚಿತ್ರ ಮಾತ್ರ ಇತ್ತು. ಕಬ್ಬು ಕಡಿಯುವ ಕಾಲದಲ್ಲಿ ವಸ್ತಾದರು ಎಂಟು ಹುಡುಗರನ್ನು ಹೊಲದ ದಾರಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಕರಿಮಣ್ಣಿನಲ್ಲಿ ಕಬ್ಬಿನ ಟ್ರಾಲಿ ಸಿಕ್ಕಿಹಾಕಿಕೊಳ್ಳುವುದು ಅಲ್ಲಿ ದಿನದ ಕಥೆ. ಹುಡುಗರು ತಲೆ ತಗ್ಗಿಸಿ ಟ್ರಾಲಿ ದೂಡುತ್ತಿದ್ದರು, ವಸ್ತಾದರು ಹಿಂದೆ ನಿಂತು "ಸೊಂಟ ಇಳಸಲೇ, ಕುಂಡಿ ಆಕಾಶ ನೋಡಾಕತ್ತೈತಿ" ಎಂದು ಬೈಯುತ್ತಿದ್ದರು. ಹುಡುಗರ ಬೆನ್ನಿನ ನಡುವೆ ನಾನು ಕಟ್ಟಿದ ಉಪಕರಣ ಅವರು ಓಡಿದ ದೂರ, ವೇಗ ಎಲ್ಲವನ್ನೂ ದಾಖಲಿಸುತ್ತಿತ್ತು. ಒಂದು ಸಂಜೆ ಅದು, ನಮ್ಮ ಮುಂದಿನ ಸಾಲಿನ ಆಟಗಾರ ಹನ್ನೊಂದು ಕಿಲೋಮೀಟರು ಒಂದೇ ಸಮ ಓಡಿದ್ದಾನೆಂದು ತೋರಿಸಿತು. ವಿಚಾರಿಸಿದಾಗ ಅವನು ದೂಡಿದ ಟ್ರಾಲಿಯ ಮೇಲೇ ಹತ್ತಿ, ಕಬ್ಬು ತಿನ್ನುತ್ತ ಕಾರ್ಖಾನೆಯವರೆಗೆ ಹೋಗಿದ್ದ.

ಆ ಆಟಗಾರನೇ ಬಾಹುಬಲಿ. ಕಬ್ಬೂರಿನ ಜೈನ ರೈತರ ಮನೆಯವನು. ವಸ್ತಾದರ ಬಾಯಲ್ಲಿ ಬಾಹ್ಯಾ. ಮೊಟ್ಟೆಯನ್ನೂ ತಿನ್ನದೆ, ಹೊತ್ತು ಮುಳುಗಿದ ಮೇಲೆ ಅಗುಳೂ ಮುಟ್ಟದೆ ನೂರಾ ನಾಲ್ಕು ಕಿಲೋ ಬೆಳೆದಿದ್ದ. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನು ಹೊಟ್ಟೆಗೆ ಬೀಳಬೇಕೆಂದು ನಾನು ಹೇಳಿದರೆ, ಅವನು ಸೂರ್ಯನನ್ನು ನೋಡಿ ಲೆಕ್ಕ ಹಾಕಿ, "ಹದಿನೆಂಟ ನಿಮಿಷ ಅದಾವ್ರಿ ಮೇಡಂ" ಎನ್ನುತ್ತ ಶೇಂಗಾ ಚಟ್ನಿಪುಡಿ ಹಚ್ಚಿ ಕಟ್ಟಿದ ರೊಟ್ಟಿ ಬಿಚ್ಚುತ್ತಿದ್ದ. ಅವನಿಗೆ ದೊಡ್ಡ ನಗರದ ವೃತ್ತಿಪರ ತಂಡವೊಂದರಿಂದ ಆಯ್ಕೆ ಪರೀಕ್ಷೆಗೆ ಕರೆ ಬಂತು. ಕರೆಯೊಂದಿಗೆ ಒಂದು ಹಾಳೆಯೂ ಬಂತು: ವೃತ್ತಿಪರ ಆಟಗಾರನ ಮೈಯಲ್ಲಿ ಕೊಬ್ಬು ಎಷ್ಟಿರಬೇಕು, ಸ್ನಾಯು ಎಷ್ಟಿರಬೇಕು, ಇಪ್ಪತ್ತು ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಬೇಕು. ನಾನು ಇಕ್ಕಳದಿಂದ ಬಾಹುಬಲಿಯ ಹೊಟ್ಟೆಯ ಚರ್ಮ ಹಿಡಿದು ಅಳೆದೆ. ಕೊಬ್ಬು ಹೆಚ್ಚಿತ್ತು. ವಸ್ತಾದರು ಪಕ್ಕದಲ್ಲಿ ನಿಂತು, "ಸಂತ್ಯಾಗ ಎಮ್ಮಿ ನೋಡಿದಂಗ ನೋಡತೀರಿ ಅಕ್ಕೋರ. ಹಲ್ಲ ಒಂದ ಎಣಸಾಕ ಬಿಟ್ರಿ" ಎಂದರು.

ನಮ್ಮಿಬ್ಬರ ಜಗಳವೆಲ್ಲ ನೀರಿನದು. ಕಸರತ್ತಿನ ನಡುವೆ ನೀರು ಕುಡಿದರೆ ದಮ್ಮು ಒಡೆಯುತ್ತದೆ ಎಂಬುದು ವಸ್ತಾದರ ನಂಬಿಕೆ. ಕಾದ ಮೈಗೆ ತಣ್ಣೀರು ಹಾಕುವುದಂತೂ ಅವರ ಪ್ರಕಾರ ಕೊಲೆ. "ಕಾದ ಇಂಜಿನ್ನಿಗೆ ತಣ್ಣೀರ ಹಾಕಿ ನೋಡ್ರಿ. ಬ್ಲಾಕ್ ಟಣ್ ಅಂತ ಸೀಳತೈತಿ. ಮನಷ್ಯಾಂದ ಸೀಳಾಂಗಿಲ್ಲೇನ?" ಅವರ ತಮ್ಮನ ಟ್ರ್ಯಾಕ್ಟರು ಹಾಗೇ ಕೆಟ್ಟಿತ್ತಂತೆ, ಆದ್ದರಿಂದ ವಾದಕ್ಕೆ ಅವಕಾಶವೇ ಇರಲಿಲ್ಲ.

ನಾನು ಸೋಲಲಿಲ್ಲ. ಬೇಸಿಗೆಯ ಆರಂಭದಲ್ಲಿ ಇಡೀ ತಂಡವನ್ನು ಕೂಡಿಸಿ, ಪರದೆಯ ಮೇಲೆ ಚಿತ್ರ ತೋರಿಸಿ ಒಂದು ಗಂಟೆ ಪಾಠ ಮಾಡಿದೆ. ಬಿಸಿಲಿನಲ್ಲಿ ಆಡುವವನ ಒಳಮೈ ಕಾಯುವುದು, ಅವನು ಅಸಂಬದ್ಧ ಮಾತಾಡುವುದು, ಕುಸಿಯುವುದು. ಆಗ ಮಾಡಬೇಕಾದದ್ದು ಒಂದೇ: ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ. ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಿ, ತಲೆ ಮೇಲಿರಲಿ. ವಸ್ತಾದರು ಹಿಂದಿನ ಬೆಂಚಿನಲ್ಲಿದ್ದರು. ಎರಡನೆಯ ಚಿತ್ರಕ್ಕೇ ಅವರ ಗೊರಕೆ ಶುರುವಾಗಿ, ಕೊನೆಯ ಚಿತ್ರದವರೆಗೂ ನನಗೆ ಹಿಮ್ಮೇಳವಾಗಿತ್ತು. ಹುಡುಗರು ನಕ್ಕರು. ನಾನು ಸಿಟ್ಟು ನುಂಗಿಕೊಂಡು, ಮುಖ್ಯ ವಾಕ್ಯವನ್ನು ಜೋರಾಗಿ ಇನ್ನೊಮ್ಮೆ ಹೇಳಿ ಮುಗಿಸಿದೆ.

ಏಪ್ರಿಲ್‌ನ ಆ ಮಧ್ಯಾಹ್ನವನ್ನು ನಾನು ಇವತ್ತಿಗೂ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡುತ್ತೇನೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ. ಎಲ್ಲೋ ಒಂದು ಕಡೆ ನಿಲ್ಲಿಸಿ ಸರಿಮಾಡಬಹುದು ಅನ್ನಿಸುತ್ತದೆ.

ಆಯ್ಕೆ ಪರೀಕ್ಷೆಗೆ ಒಂದು ವಾರವಿತ್ತು. ಪರೀಕ್ಷೆ ಮಧ್ಯಾಹ್ನ ನಡೆಯುವುದರಿಂದ, ಬಾಹುಬಲಿಯ ದೇಹಕ್ಕೆ ಬಿಸಿಲು ರೂಢಿಯಾಗಲಿ ಎಂದು ಮೂರೂವರೆಯ ಹೊತ್ತನ್ನು ನಾನೇ ಆರಿಸಿದ್ದೆ. ಮೊದಲು ತೂಕ ಹಾಕಿದೆ. ಹಿಂದಿನ ದಿನಕ್ಕಿಂತ ಎರಡು ಕಿಲೋ ಕಡಿಮೆ. ಒಂದೇ ದಿನದಲ್ಲಿ ಎರಡು ಕಿಲೋ ಕೊಬ್ಬು ಯಾರಲ್ಲೂ ಕರಗುವುದಿಲ್ಲ, ಇಳಿದದ್ದು ನೀರು ಎಂದು ನಾನೇ ಪಾಠ ಮಾಡಿದವಳು. ಆದರೆ ಹಾಳೆಯಲ್ಲಿದ್ದ ಗುರಿಗೆ ಅಂಕಿ ಅಷ್ಟು ಹತ್ತಿರ ಬಂದಿತ್ತು. ಪಕ್ಕದಲ್ಲಿ ಹಸಿರು ಪೆನ್ನಿನಿಂದ ಒಂದು ನಕ್ಷತ್ರ ಬರೆದೆ.

ಓಟ, ದೂಡುವುದು, ಮತ್ತೆ ಓಟ. ನೀರಿನ ವಿರಾಮದಲ್ಲಿ ಬಾಹುಬಲಿ ಬಾಟಲಿ ಎತ್ತಿದ. ಕುಡಿದನೋ ಇಲ್ಲವೋ ನಾನು ನೋಡಲಿಲ್ಲ. ಪರದೆಯ ಮೇಲೆ ಅವನ ಎದೆಬಡಿತ ನೋಡುತ್ತಿದ್ದೆ. ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ ವಸ್ತಾದರು, "ಅಕ್ಕೋರ, ಬಾಹ್ಯಾನ ಉಸರ ಇವತ್ತ ಬ್ಯಾರೆ ಐತಿ" ಎಂದರು.

"ಎದೆಬಡಿತ ಇನ್ನೂ ಮಿತಿಯೊಳಗೇ ಇದೆ ವಸ್ತಾದರೇ" ಎಂದೆ.

ಅವರು ಕಣ್ಣು ತೆರೆದು ಬಾಹುಬಲಿಯ ಬಾಟಲಿಯನ್ನು ನೋಡಿದರು.

ಸ್ವಲ್ಪ ಹೊತ್ತಿಗೆ ಬಾಹುಬಲಿ ಚೆಂಡು ಹಿಡಿದು ತನ್ನದೇ ತಂಡದ ಗೆರೆಯ ಕಡೆ ಓಡಿದ. ಅಲ್ಲಿ ಚೆಂಡಿಟ್ಟು, ಗೆದ್ದವನಂತೆ ಕೈಯೆತ್ತಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ತೂರಾಡುತ್ತ ವಸ್ತಾದರ ಹತ್ತಿರ ಬಂದು, "ಅವ್ವಾ, ಎಮ್ಮಿ ಹಿಂಡೀದೇನ?" ಎಂದು ಕೇಳಿ ಮೊಣಕಾಲೂರಿ ಬಿದ್ದ. ಮುಟ್ಟಿದರೆ ಮೈ ರೊಟ್ಟಿಯ ಹಂಚಿನಂತಿತ್ತು.

"ಗಾಡಿ ತರ್ರಲೇ, ಮಿರಜದ ದವಾಖಾನಿಗೆ ಒಯ್ಯೂನು" ಎಂದು ಹುಡುಗರು ಕೂಗಿದರು. ನಾನು ಫೋನಿನಲ್ಲಿ ಆಂಬುಲೆನ್ಸಿಗೆ ಜಾಗ ಹೇಳಿದೆ. ಹೇಳಿ ಮುಗಿದ ಮೇಲೂ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದೆ. ಹುಡುಗರು ಅವನನ್ನು ಎತ್ತಿ ಯಾರದೋ ಜೀಪಿನ ಕಡೆ ಹೊರಟಿದ್ದರು. ವಸ್ತಾದರು ಅಡ್ಡ ನಿಂತು ನನ್ನ ಕಡೆ ತಿರುಗಿದರು. ಅಕ್ಕೋರು ಎಂಬ ಮರ್ಯಾದೆ ಆಗ ಬಿದ್ದುಹೋಯಿತು.

"ಏ ತಂಗಿ, ಮೊದಲ ಒಯ್ಯೂದೋ, ಮೊದಲ ತಂಪ ಮಾಡೂದೋ? ನೀ ಏನ ಅಂದಿದ್ದಿ? ಹೇಳ."

ನಾನು ಹೇಳಲಿಲ್ಲ. ಮರೆತಿರಲಿಲ್ಲ ಎಂದೇ ಈಗ ಅನ್ನಿಸುತ್ತದೆ. ಆದರೆ ಆ ಕ್ಷಣ ನನ್ನ ಕಣ್ಣೆದುರು ಬಂದದ್ದು ಪಾಠದ ಆ ಚಿತ್ರದ ನೀಲಿ ಬಣ್ಣ ಮಾತ್ರ, ಅದರ ಮೇಲೆ ಒಂದೂ ಅಕ್ಷರವಿರಲಿಲ್ಲ. ಅಕಸ್ಮಾತ್ ನೀರಿನಲ್ಲೇ ಏನಾದರೂ ಆಗಿಬಿಟ್ಟರೆ ಎಂಬ ಭಯವೂ ಇತ್ತು.

ವಸ್ತಾದರು ಎರಡು ಉಸಿರು ಕಾದರು. ಆಮೇಲೆ ತಾವೇ ಉತ್ತರ ಹೇಳಿಕೊಂಡರು. "ಮೊದಲ ತಂಪ. ಹಂಗ ಅಂದಿದ್ದಿ. ಎರಡ ಸಲ ಅಂದಿದ್ದಿ."

ಮೈದಾನದ ಬೇಲಿಯಾಚೆ ದ್ರಾಕ್ಷಿ ತೋಟ. ಬಳ್ಳಿಗೆ ಹೊಡೆಯಲು ನೀರು ತುಂಬಿಸಿಡುವ ಸಿಮೆಂಟಿನ ತೊಟ್ಟಿ ಅಲ್ಲಿತ್ತು. ಎಪ್ಪತ್ತರ ಹತ್ತಿರದ ವಸ್ತಾದರು ಬಾಹುಬಲಿಯ ಕಂಕುಳಿಗೆ ಕೈಕೊಟ್ಟು, ಹುಡುಗರಿಗೆ ಕಾಲು ಹಿಡಿಸಿ, ಅವನೊಂದಿಗೆ ಧೋತರದ ಸಮೇತ ತೊಟ್ಟಿಗಿಳಿದರು. ಅವನ ತಲೆಯನ್ನು ತಮ್ಮ ಎದೆಗೆ ಆನಿಸಿ ಹಿಡಿದರು. "ಕಬ್ಬಿನ ಹಾಲಿನ ಅಂಗಡ್ಯಾಗಿನ ಬರ್ಫ ಎಲ್ಲಾ ತರ್ರಲೇ" ಎಂದು ಕೂಗಿದರು. ಹುಡುಗರು ಗೋಣಿಚೀಲ ಸುತ್ತಿದ ಮಂಜಿನ ಗಡ್ಡೆಯನ್ನು ಹೊತ್ತು ತಂದು, ಒಡೆದು, ತೊಟ್ಟಿಗೆ ಸುರಿದರು.

ಆಗ ಅವರ ಮುಖ ನೋಡಿದೆ. ತಾನು ಒಬ್ಬನನ್ನು ಕೊಲ್ಲುತ್ತಿದ್ದೇನೆ ಎಂದು ನಂಬಿದ ಮನುಷ್ಯನ ಮುಖ ಅದು. ಕೈ ಮಾತ್ರ ಅಲ್ಲಾಡಲಿಲ್ಲ. ನಿಮಿಷಕ್ಕೊಮ್ಮೆ ನನ್ನತ್ತ ನೋಡಿ ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು: "ಸೀಳಾಂಗಿಲ್ಲಲ್ಲ, ತಂಗಿ?"

ನಾನು ತಲೆಯಾಡಿಸುತ್ತಿದ್ದೆ. ಅಷ್ಟು ನನ್ನಿಂದಾಯಿತು.

ಬಾಹುಬಲಿ ನಡುಗತೊಡಗಿದ. ಕಣ್ಣು ಬಿಟ್ಟ. ತೊಟ್ಟಿ, ಮಂಜು, ವಸ್ತಾದರ ಗಡ್ಡ ಎಲ್ಲವನ್ನೂ ನೋಡಿದ ಮೇಲೆ ಅವನು ಕೇಳಿದ ಮೊದಲ ಮಾತು: "ನೀರ ನುಂಗಿಲ್ಲಲ್ರಿ ನಾ? ಇವತ್ತ ಚತುರ್ದಶಿ."

ಅಂದರೆ ಉಪವಾಸ. ಅವನ ಮನೆಯಲ್ಲಿ ಅಂದು ಅನ್ನವೂ ಇಲ್ಲ, ನೀರೂ ಇಲ್ಲ. ಪರೀಕ್ಷೆ ಚೆನ್ನಾಗಿ ಆಗಲಿ ಎಂದು ಅಜ್ಜಿಗೆ ಮಾತು ಕೊಟ್ಟು ಹಿಡಿದ ವ್ರತ. ನನಗೆ ಹೇಳಿದರೆ ಬಿಡಿಸುತ್ತೇನೆಂದು ಮುಚ್ಚಿಟ್ಟಿದ್ದ. ನಾನು ವಸ್ತಾದರನ್ನು ನೋಡಿದೆ. ಅವರು ನೀರು ನೋಡುತ್ತಿದ್ದರು.

"ನನಗ ಗೊತ್ತಿತ್ತ" ಎಂದರು. "ಹುಡುಗನ ನಿಷ್ಠಾ ನೋಡಿ ಹೆಮ್ಮಿ ಅನಸಿತ್ತ. ಹೇಳಲಿಲ್ಲ."

ಒಬ್ಬರು ಉಪವಾಸಕ್ಕೆ ಹೆಮ್ಮೆಪಟ್ಟರು, ಇನ್ನೊಬ್ಬರು ಅದೇ ಉಪವಾಸಕ್ಕೆ ಹಸಿರು ನಕ್ಷತ್ರ ಕೊಟ್ಟರು. ಎರಡು ಶಾಸ್ತ್ರಗಳು ಅಷ್ಟು ಸೊಗಸಾಗಿ ಒಪ್ಪಿದ್ದು ಅದೊಂದೇ ಸಲ.

ಮಿರಜದಲ್ಲಿ ವೈದ್ಯರು, ಅಲ್ಲೇ ತಂಪು ಮಾಡಿದ್ದರಿಂದ ಹುಡುಗ ಉಳಿದ ಎಂದರು. ನೀರಿಗೆ ಹಾಕಲು ಹೇಳಿದ್ದು ಯಾರು ಎಂದು ಕೇಳಿದರು. ಒದ್ದೆ ಧೋತರದಲ್ಲಿ ನಿಂತಿದ್ದ ವಸ್ತಾದರು ನನ್ನನ್ನು ತೋರಿಸಿ, "ಈ ಅಕ್ಕೋರ ಹೇಳಿದ್ರಿ" ಎಂದರು. ನಾನು ಆಗಲೂ ಮಾತಾಡಲಿಲ್ಲ.

ಮುಂದಿನ ತಿಂಗಳು ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸಮಯಪ್ರಜ್ಞೆಯ ಬಗ್ಗೆ ಭಾಷಣ ಮಾಡಿದರು. ವಸ್ತಾದರು ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಬಾಹುಬಲಿಗೆ ಆ ವರ್ಷ ಪರೀಕ್ಷೆಗೆ ಹೋಗಲಾಗಲಿಲ್ಲ. ಮರುವರ್ಷ ಹೋದ, ಕೊಬ್ಬು, ಸ್ನಾಯು, ಓಟ ಎಲ್ಲ ಸರಿಯಿತ್ತು, ಎತ್ತರ ಎರಡು ಅಂಗುಲ ಸಾಲಲಿಲ್ಲವಂತೆ. ಅದಕ್ಕೆ ನನ್ನ ವಿಜ್ಞಾನದಲ್ಲೂ ವಸ್ತಾದರ ಮಣ್ಣಿನಲ್ಲೂ ಮದ್ದಿರಲಿಲ್ಲ. ಈಗ ಮನೆಯ ಹೊಲ ನೋಡಿಕೊಂಡಿದ್ದಾನೆ, ಚೆನ್ನಾಗಿದ್ದಾನೆ.

ಹೋದ ಬೇಸಿಗೆಯಲ್ಲಿ ವಸ್ತಾದರನ್ನು ನೋಡಲು ತಾಲೀಮಿಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು, ಎರಡೂ ಕಾಲು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟುಕೊಂಡಿದ್ದರು. "ಬ್ಲಾಕ್ ತಂಪ ಮಾಡಾಕತ್ತೇನ್ರಿ" ಎಂದರು. ಬಾಗಿಲ ಪಕ್ಕ ನೀರಿನ ಗಡಿಗೆ ಬಂದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟಮಿ, ಚತುರ್ದಶಿ, ಏಕಾದಶಿ, ರಂಜಾನಿನ ರೋಜಾದ ದಿನಗಳಿಗೆಲ್ಲ ಕೆಂಪು ಗುರುತು. ಅಂದು ಉಪವಾಸವಿದ್ದವರು ಮಣ್ಣಿಗಿಳಿಯುವಂತಿಲ್ಲ.

ನಾನು ಹೇಳಬೇಕಾದದ್ದನ್ನು ಹೇಳಿದೆ. ಅವತ್ತು ನೀವು ಕೇಳಿದಾಗ ನಾನು ಬಾಯಿ ಬಿಡಲಿಲ್ಲ, ಶಾಲು ನನ್ನದಲ್ಲ ಎಂದೆ. ಅವರು ಕಾಲಿನಿಂದ ನೀರು ಕಲಕಿದರು.

"ಅವತ್ತ ಹೇಳಲಿಲ್ಲ ಖರೆ" ಎಂದರು. "ಅದಕ್ಕೂ ಮೊದಲ ಹೇಳಿದ್ರೆಲ್ಲ. ಒಳಗ ಹೋಗಾಕ ಹೊತ್ತಾತ ಅಷ್ಟ. ಕಿವಿ ಹಿಂಗ ಅದಾವ, ನೋಡ್ರಿ."

ಅದೇ ಕೊನೆಯ ಭೇಟಿ. ಮಳೆಗಾಲದಲ್ಲಿ ಅವರು ತೀರಿಕೊಂಡರು.

ಈಗಲೂ ಪ್ರತಿ ಬೇಸಿಗೆಯ ಆರಂಭದಲ್ಲಿ ಅದೇ ಪಾಠ ಮಾಡುತ್ತೇನೆ, ಅದೇ ನೀಲಿ ಚಿತ್ರಗಳೊಂದಿಗೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ನಿದ್ದೆ ಹೋದರೆ ಹುಡುಗರು ನಕ್ಕು ಎಬ್ಬಿಸಲು ಹೋಗುತ್ತಾರೆ. ಬೇಡ ಎನ್ನುತ್ತೇನೆ. ಸ್ವಲ್ಪ ದನಿ ಏರಿಸಿ, ಆ ಒಂದು ವಾಕ್ಯವನ್ನು ಎರಡು ಸಲ ಹೇಳುತ್ತೇನೆ.